ತೊಂಬತ್ತೆಂಟು ಪಾಯಿಂಟ್ ನಾಲ್ಕು

ಭವಾನಿಪುರಂ, ವಿಜಯವಾಡ
14-10-2009

ಅಕ್ಕಾ,

ನಾನು ಕ್ಷೇಮ, ನೀನು ಕ್ಷೇಮಾನಾ ಅಂತ ಬರೆಯೋ ಮನಸ್ಸಿಲ್ಲ. ಮೈ ಚೆನ್ನಾಗೈತೆ, ತಲೆ ಕೆಟ್ಟೈತೆ.

ಈ ತಿಂಗಳ ಮೊದಲಲ್ಲಿ ಕೃಷ್ಣೆ ನೀರು ನಮ್ಮ ಗಲ್ಲಿ ಬಾಯಿ ತನಕ ಬಂದು ವಾಪಸ್ ಹೋಯ್ತಲ್ಲ, ಅವತ್ತಿಂದ ರೂಮಿನ ಗೋಡೆ ಒಣಗಿಲ್ಲ. ಮಂಚದ ಹಿಂದೆಲ್ಲ ಕಪ್ಪಗೆ ಬೂಷ್ಟು. ಬೆಳಿಗ್ಗೆ ಎದ್ರೆ ಸಾಕು, ಸೀನು. ಹತ್ತು, ಹನ್ನೆರಡು, ಎಣಿಸೋದೇ ಬಿಟ್ಟಿದೀನಿ. ಮೂಗಲ್ಲಿ ನೀರು, ಕಣ್ಣು ತುರಿಕೆ, ಅಂಗುಳು ತುರಿಕೆ. ನಿಂಗೇನು ಹೊಸದಾ? ಅಮ್ಮಂಗೂ ಇದೇ ಇತ್ತು, ನಿಂಗೂ ಇದೇ. ಅಮ್ಮ ಸತ್ತು ನಮಗೆ ಬಿಟ್ಟೋದ ಆಸ್ತಿ ಅಂದ್ರೆ ಈ ಸೀನೊಂದೇ.

ಆದ್ರೆ ಈ ವರ್ಷ ಸೀನೋದು ದೊಡ್ಡ ಅಪರಾಧ ಆಗೋಗೈತೆ. ಟೀವಿಯಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಸ್ವೈನ್ ಫ್ಲೂ, ಸ್ವೈನ್ ಫ್ಲೂ. ಮೊನ್ನೆ ಮೆಸ್ಸಲ್ಲಿ ಎಲೆ ಮುಂದೆ ಕೂತು ಒಂದೇ ಒಂದು ಸಲ ಸೀನಿದೆ. ಮೆಸ್ ನಡೆಸೋ ಕೋಟೇಶ್ವರಮ್ಮ ಸೌಟು ಹಿಡ್ಕೊಂಡೇ ಕಿರುಚಿದ್ಲು, "ದೂರಂ ಬಾಬೂ, ದೂರಂ!" ಪಕ್ಕದಲ್ಲಿದ್ದ ನಾಲ್ಕು ಜನ ಎಲೆ ಎತ್ಕೊಂಡು ಆ ಕಡೆ ಸಾಲಿಗೆ ಹೋದ್ರು. ಅವತ್ತಿಂದ ನಂಗೆ ಮೆಟ್ಟಿಲ ಮೇಲೆ ಊಟ. ನಾಯಿಗೆ ಹಾಕೋ ಜಾಗದಲ್ಲಿ.

ಅಂಗಡೀಲಿ ಇನ್ನೂ ಮಜಾ. ಬೆಂಜ್ ಸರ್ಕಲ್ ಹತ್ರ ದಿನಕ್ಕೆ ನೂರಾರು ಜನ ಬರೋ ಮೆಡಿಕಲ್ ಶಾಪು. ನಮ್ಮ ಓನರ್ ಸೂರ್ಯಪ್ರಕಾಶ ಗಾರು ನನ್ನ ಮೂಗು ನೋಡಿ, "ಗಿರಾಕಿ ಹೆದರ್ತಾರೆ ದಿನೇಶ್, ಹದಿನೈದು ದಿನ ಬರಬೇಡ" ಅಂದ. ನಂಗೆ ರೇಗೋಯ್ತು. ಡಬ್ಬೀಲಿದ್ದ ಥರ್ಮಾಮೀಟರ್ ತಗೊಂಡೆ, ಒದರಿದೆ, ಎಲ್ಲ ಗಿರಾಕಿಗಳ ಮುಂದೆ ನಾಲಿಗೆ ಕೆಳಗೆ ಇಟ್ಕೊಂಡು ಮೂರು ನಿಮಿಷ ನಿಂತೆ. ತೊಂಬತ್ತೆಂಟು ಪಾಯಿಂಟ್ ನಾಲ್ಕು. "ನೋಡ್ರಿ! ಜ್ವರ ಇಲ್ದಿರೋ ಫ್ಲೂ ಯಾವುದು ತೋರ್ಸ್ರಿ! ಇದು ಅಲರ್ಜಿ!" ಅಂತ ಕೂಗಿದೆ. ಒಬ್ಬ ಮುದುಕ ಚಪ್ಪಾಳೆ ಹೊಡ್ದ. ಕೆಲಸ ಉಳೀತು. ಈಗ ಥರ್ಮಾಮೀಟರ್ ಯಾವಾಗ್ಲೂ ನನ್ನ ಅಂಗಿ ಜೇಬಲ್ಲೇ ಇರ್ತೈತೆ, ಪೋಲೀಸನ ಐಡಿ ಕಾರ್ಡ್ ಥರ.

ನಿಂಗೆ ಈಗ ಐದು ತುಂಬಿ ಆರು ಅಲ್ವಾ? ಸೀಮಂತಕ್ಕೆ ತವರಿಂದ ಬಳೆ ಬರಬೇಕು ಅಂತ ನಿಮ್ಮತ್ತೆ ಕೇಳ್ತಾರೆ, ಕೇಳ್ಲಿ. ಅಮ್ಮ ಇಲ್ಲ, ಅಪ್ಪ ಇದ್ದೂ ಇಲ್ಲ. ನಿನ್ನ ತವರು ಅಂದ್ರೆ ನಾನೊಬ್ನೇ. ತರ್ತೀನಿ.

ದಿನೇಶ

ಪೆಂದುರ್ತಿ, ವಿಶಾಖಪಟ್ಟಣ
20-10-2009

ದಿನೇಶಾ,

ಮೆಟ್ಟಿಲ ಮೇಲೆ ಕೂತು ಊಟ ಮಾಡ್ತಿರೋ ನಿನ್ನ ಮುಖ ನೆನೆಸ್ಕೊಂಡು ಮೊದಲು ನಗು ಬಂತು, ಆಮೇಲೆ ಅಳು ಬಂತು. ಕೋಟೇಶ್ವರಮ್ಮನ ಜೊತೆ ಜಗಳ ಆಡಬೇಡ. ಅನ್ನ ಹಾಕೋ ಕೈ.

ಇಲ್ಲೂ ಶುರುವಾಯ್ತು ಕಣೋ. ನಮ್ಮ ಗೇಟಿನ ಎದುರಿಗೆ ಒಂದು ಹಾಲೆ ಮರ ಇದೆ ಅಂತ ಹೋದ ವರ್ಷ ಬರೆದಿದ್ದೆನಲ್ಲ, ಇಲ್ಲಿಯವರು ಏಡಾಕುಲ ಪಾಲ ಅಂತಾರೆ. ದಸರಾ ಕಳೀತಿದ್ದ ಹಾಗೆ ಗೊಂಚಲು ಗೊಂಚಲು ಹೂ ಬಿಡುತ್ತೆ. ಸಂಜೆ ಆದ್ರೆ ಆ ವಾಸನೆ ಮನೆ ಒಳಗೇ ಬಂದು ಕೂರುತ್ತೆ. ಹೋದ ವರ್ಷದ ಹಾಗೇ ಕಣ್ಣು ಕೆಂಪಗಾಗಿ ಉಜ್ಜಿ ಉಜ್ಜಿ ಊದಿಕೊಂಡಿದೆ. ಮೂಗು ನಲ್ಲಿ. ಬಾಗಿಲು ಹಾಕ್ಕೊಂಡು ಒಳಗಿದ್ರೆ ಪರವಾಗಿಲ್ಲ, ರಂಗೋಲಿ ಹಾಕೋಕೆ ಆಚೆ ಹೋದ್ರೆ ಮುಗೀತು.

ಅತ್ತಯ್ಯ ಒಳ್ಳೆಯವರೇ, ಆದ್ರೆ ಈಗ ಹೆದರಿದ್ದಾರೆ. ನಾನು ಸೀನಿದ್ರೆ "ಏಂಟಮ್ಮಾ ಇದಿ?" ಅಂತ ಸೆರಗು ಮೂಗಿಗೆ ಇಟ್ಕೊಳ್ತಾರೆ. ನಿಮ್ಮ ಭಾವ ಪರವಾಡದ ಔಷಧಿ ಕಂಪನೀಲಿ ಕಾಂಟ್ರ್ಯಾಕ್ಟ್ ಮೇಲಿರೋದು ನಿಂಗೆ ಗೊತ್ತಲ್ಲ. ಮನೇಲಿ ಯಾರಿಗಾದ್ರೂ ಜ್ವರ ಅಂದ್ರೆ ಕಂಪನಿಯವರು ಗೇಟಲ್ಲೇ ವಾಪಸ್ ಕಳಿಸ್ತಿದ್ದಾರಂತೆ. ಅದಕ್ಕೆ ಇವರಿಗೂ ಗಾಬರಿ.

ಫೋನಲ್ಲಿ ಇದೆಲ್ಲ ಮಾತಾಡೋಕಾಗಲ್ಲ. ಇರೋದು ಇವರ ಸೆಲ್ಲು ಒಂದೇ, ಅತ್ತಯ್ಯ ಪಕ್ಕದಲ್ಲೇ ಕೂತಿರ್ತಾರೆ. ಕನ್ನಡದ ಅಕ್ಷರ ಈ ಮನೇಲಿ ಯಾರಿಗೂ ಬರಲ್ಲ, ಅದೊಂದೇ ನನ್ನ ಸ್ವಂತದ ಕೋಣೆ. ಇಲ್ಲಿ ಮಾತ್ರೆ ತಗೊಳ್ಳೋಕೆ ಭಯ. ಬಸುರಿಗೆ ಯಾವುದು ಆಗುತ್ತೋ ನೋಡಿ ಕಳಿಸ್ತೀಯಾ?

ಸೀಮಂತ ನವೆಂಬರ್ 15ಕ್ಕೆ. ಹಸಿರು ಬಳೆ, ಎರಡೂಕಾಲು ಅಳತೆ. ನೀನೇ ಬಂದು ತೊಡಿಸಬೇಕು.

ಬಿಂದು

ವಿಜಯವಾಡ
25-10-2009

ಅಕ್ಕಾ,

ಬರೋಕಾಗಲ್ಲ. ಸೂರ್ಯಪ್ರಕಾಶ ಗಾರು ರಜೆ ಕೊಡಲ್ಲ ಅಂತ ಕಡ್ಡಿ ಮುರ್ದ ಹಾಗೆ ಹೇಳ್ಬಿಟ್ಟ. "ಫ್ಲೂ ಸೀಜನ್ ರಾ, ಇದೇ ನಮ್ಮ ಸಂಕ್ರಾಂತಿ" ಅಂತಾನೆ. ಜನ ಸಾಯೋದು ಇವನಿಗೆ ಹಬ್ಬ. ಮುಖಕ್ಕೆ ಬಾರಿಸಬೇಕು ಅನ್ನಿಸ್ತು, ಮಾಸ್ಕ್ ಬಂಡಲ್ ಎತ್ತಿ ಎಸೆದೆ ಅಷ್ಟೇ.

ಅದಕ್ಕೇ ಪಾರ್ಸೆಲ್. ಒಳಗೆ ಬಳೆ ಎರಡು ಡಜನ್, ನ್ಯೂಸ್ ಪೇಪರಲ್ಲಿ ಸುತ್ತಿದೀನಿ, ಹುಷಾರಾಗಿ ಬಿಚ್ಚು. ಬಳೆ ಮಧ್ಯದಲ್ಲಿ ಒಂದು ಥರ್ಮಾಮೀಟರ್ ಐತೆ. ಹಳದಿ ಸ್ಟ್ರಿಪ್ ಎರಡು. ನೆಗಡಿಗೆ ಕೊಡೋದು ಇದೇ. ಬಸುರಿ ಅಂತ ಹೇಳ್ಕೊಂಡು ಬಂದವರಿಗೂ ಓನರ್ ಇದನ್ನೇ ಕೊಡ್ತಾನೆ, ನಾನೇ ನೋಡಿದೀನಿ. ಅರ್ಧ ಗಂಟೇಲಿ ಮೂಗು ಒಣಗ್ತೈತೆ.

ಈಗ ಕಿವಿ ಕೊಟ್ಟು ಕೇಳು. ಅಲರ್ಜಿ ಅಂದ್ರೆ ಕಣ್ಣು ತುರಿಸ್ತೈತೆ, ಸಾಲು ಸಾಲು ಸೀನು ಬರ್ತೈತೆ, ಮೂಗಿಂದ ತೆಳ್ಳಗೆ ನೀರು. ಮರ ಹೂ ಬಿಟ್ಟಿರೋ ತನಕ ವಾರಗಟ್ಲೆ ಇರ್ತೈತೆ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ವೈರಸ್ ಅಂದ್ರೆ ಒಂದೇ ದಿನದಲ್ಲಿ ಬಂದು ಬಡೀತೈತೆ. ಮೈಯೆಲ್ಲ ಹೊಡ್ದಾಕಿದ ಹಾಗೆ ನೋವು, ಗಂಟಲು ನೋವು, ಚಳಿ, ಜ್ವರ. ಮನೇಲಿ ಒಬ್ಬರಿಗೆ ಬಂದ್ರೆ ಸಾಲಾಗಿ ಎಲ್ಲರಿಗೂ. ಇಷ್ಟೇ ವಿಷಯ. ಇದಕ್ಕೆ ಡಾಕ್ಟರು ಐದು ವರ್ಷ ಓದ್ತಾರೆ.

ಎಲ್ಲಕ್ಕಿಂತ ದೊಡ್ಡದು ಜ್ವರ. ಅನುಮಾನ ಬಂದ್ರೆ ಥರ್ಮಾಮೀಟರ್ ಇಡು. ಪಾದರಸ ಕೆಳಗಿಳಿಯೋ ತನಕ ಒದರಿ ಆಮೇಲೆ ಇಡು. ಜ್ವರ ಇದ್ರೆ ಅಲರ್ಜಿ ಅಲ್ಲ, ಓಡು ಆಸ್ಪತ್ರೆಗೆ. ಜ್ವರ ಇಲ್ವಾ, ಯಾರಪ್ಪನಿಗೂ ಹೆದರಬೇಡ. ಮನುಷ್ಯ ಸುಳ್ಳು ಹೇಳ್ತಾನೆ, ಥರ್ಮಾಮೀಟರ್ ಹೇಳಲ್ಲ.

ಒಂಬತ್ತನೇ ಕ್ಲಾಸಲ್ಲಿ ಮೇಷ್ಟ್ರ ಕೋಲು ಕಿತ್ಕೊಂಡು ಮುರಿದು ಆಚೆ ಬಂದಾಗ ಅಪ್ಪ ಅಂದಿದ್ದ, ನೀನು ಮೂಟೆ ಹೊರೋಕೂ ನಾಲಾಯಕ್ಕು ಅಂತ. ಮೂರು ವರ್ಷ ಆಯ್ತು ಈ ಕೌಂಟರಲ್ಲಿ. ಓದಿ ಬಂದಿರೋ ಹುಡುಗ ಚೀಟಿ ಹಿಡ್ಕೊಂಡು ತಡಕಾಡ್ತಾನೆ. ನಾನು ಸ್ಟ್ರಿಪ್ ಬಣ್ಣ ನೋಡಿ ಕಣ್ಣು ಮುಚ್ಚಿ ಎತ್ತಿ ಕೊಡ್ತೀನಿ. ಬಿಳಿ ಸ್ಟ್ರಿಪ್ ಜ್ವರಕ್ಕೆ, ಹಳದಿ ನೆಗಡಿಗೆ, ಗುಲಾಬಿ ಹೊಟ್ಟೆಗೆ. ಒಂದು ದಿನಕ್ಕೂ ತಪ್ಪಿಲ್ಲ.

ದಿನೇಶ

ಪೆಂದುರ್ತಿ
9-11-2009

ದಿನೇಶಾ,

ಪಾರ್ಸೆಲ್ ಬಂದು ವಾರದ ಮೇಲಾಯ್ತು, ಈಗ ಬರೀತಿದೀನಿ, ಬೈಬೇಡ. ಒಂದು ಬಳೇನೂ ಒಡೆದಿಲ್ಲ. ಬಳೆ ಮಧ್ಯದಿಂದ ಥರ್ಮಾಮೀಟರ್ ಎದ್ದು ಬಂದಾಗ ಅತ್ತಯ್ಯ ಗಲ್ಲದ ಮೇಲೆ ಕೈ ಇಟ್ಕೊಂಡು, "ಇದೇನು ನಿಮ್ಮ ಕನ್ನಡದವರ ಪದ್ಧತಿನಾ?" ಅಂತ ತೆಲುಗಲ್ಲಿ ಕೇಳಿದ್ರು. ಹೌದು ಅಂದೆ. ನಗು ತಡೆಯೋಕಾಗಲಿಲ್ಲ. ಪಕ್ಕದ ಮನೆಯವರಿಗೂ ಕರೆದು ತೋರಿಸಿದ್ರು.

ಹಳದಿ ಮಾತ್ರೆ ಅದ್ಭುತ ಕಣೋ. ಪಾರ್ಸೆಲ್ ಬಂದಾಗಿಂದ ಸೀನೆಲ್ಲ ಅದರಲ್ಲೇ ಕಳೀತು.

ಮೊನ್ನೆಯಿಂದ ಮಾತ್ರ ಸ್ವಲ್ಪ ಬೇರೆ ಥರ. ಗಂಟಲು ಕೆರೆತ, ಒಣ ಕೆಮ್ಮು, ಸೊಂಟ ಬೆನ್ನು ಎಲ್ಲ ನೋವು. ಒಂದು ಪುಣ್ಯ, ಈ ಸಲ ಕಣ್ಣು ತುರಿಸ್ತಿಲ್ಲ. ಇವರಿಗೂ ನಾಲ್ಕು ದಿನ ಕೆಮ್ಮಿತ್ತು, ಈಗ ವಾಸಿ. ನಿನ್ನ ಥರ್ಮಾಮೀಟರ್ ಇಟ್ಟು ನೋಡಿದೆ. ತೊಂಬತ್ತೆಂಟು ಪಾಯಿಂಟ್ ಆರು. ಜ್ವರ ಇಲ್ಲ ತಾನೇ?

ಆದ್ರೂ ಅತ್ತಯ್ಯ ಸೀಮಂತ ಮುಂದಕ್ಕೆ ಹಾಕೋಣ ಅಂತಿದ್ದಾರೆ. ಮುಂದಕ್ಕೆ ಹೋದ್ರೆ ಎಂಟು ಬೀಳುತ್ತೆ, ಏಳು ದಾಟಿದ್ರೆ ಇವರು ಮಾಡಲ್ಲ. ಅಂದ್ರೆ ಆಗೋದೇ ಇಲ್ಲ. ಆಸೆಬುರುಕಿ ಅನ್ನು, ಏನಾದ್ರೂ ಅನ್ನು. ಅಮ್ಮ ಇಲ್ಲದ ಮದುವೇಲಿ ನಂಗೆ ಯಾರೂ ಜಡೆ ಹೆಣೆದು ಹೂ ಮುಡಿಸಲಿಲ್ಲ. ಇದೊಂದು ದಿನ ನಾಲ್ಕು ಜನ ಮುತ್ತೈದೆಯರು ನನ್ನನ್ನ ಮಧ್ಯೆ ಕೂರಿಸಿ ಅರಿಶಿನ ಹಚ್ಚಿ ಬಳೆ ತೊಡಿಸಲಿ ಅನ್ನೋ ಆಸೆ.

ನೀನು ಮೆಡಿಕಲ್ ಶಾಪಿನವನು, ನಿನ್ನ ಮಾತಿಗೆ ಇಲ್ಲಿ ಬೆಲೆ ಇದೆ. ಇದು ಅಲರ್ಜಿ ಅಂತ ಒಂದು ಕಾಗದ ಬರಿ. ಇವರಿಬ್ಬರಿಗೂ ತೆಲುಗಲ್ಲಿ ಓದಿ ಹೇಳ್ತೀನಿ.

ಬಿಂದು

ವಿಜಯವಾಡ
11-11-2009

ಅಕ್ಕಾ,

ಇದನ್ನ ಅವರಿಗೆ ಓದಿ ಹೇಳು:

ಭಾವ ಸಾಯಿತೇಜ ಅವರಿಗೂ ಅತ್ತೆ ದುರ್ಗಾಂಬ ಅವರಿಗೂ ದಿನೇಶ ಮಾಡೋ ನಮಸ್ಕಾರ. ಅಕ್ಕನಿಗೆ ಇರೋದು ಅಲರ್ಜಿ. ನಮ್ಮ ಅಮ್ಮನ ಕಾಲದಿಂದ ಬಂದಿದ್ದು. ಎದುರುಗಡೆ ಮರ ಹೂ ಬಿಟ್ಟೈತೆ, ಅದಕ್ಕೆ. ಜ್ವರ ಇಲ್ಲ, ನಾನು ಕಳಿಸಿದ ಥರ್ಮಾಮೀಟರ್‌ನಲ್ಲೇ ನೋಡಿದಾಳೆ. ಜ್ವರ ಇಲ್ಲ ಅಂದ್ಮೇಲೆ ಸ್ವೈನ್ ಫ್ಲೂ ಅಲ್ಲ. ಏಳು ತಿಂಗಳ ಬಸುರಿಗೆ ಸೊಂಟ ನೋವು ಬರದೆ ಇನ್ನೇನು ಬರ್ತೈತೆ? ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಅಲ್ಲಿ ಸಾಲಾಗಿ ಕೂತಿರೋ ರೋಗಿಗಳಿಂದಾನೇ ಅಂಟ್ತೈತೆ. ಸೀಮಂತ ನಿಲ್ಲಿಸಬೇಡಿ.

ಇಲ್ಲಿಗೆ ಓದೋದು ನಿಲ್ಸು. ಇದು ನಿಂಗೆ ಮಾತ್ರ.

ನಿಮ್ಮತ್ತೆ ಸೆರಗು ಮೂಗಿಗೆ ಇಟ್ಕೊಂಡ್ರೆ ಅವರ ಮುಂದೇನೇ ಥರ್ಮಾಮೀಟರ್ ಬಾಯಿಗಿಟ್ಟು ತೋರ್ಸು, ನಾನು ತೋರ್ಸಿದ ಹಾಗೆ. ಬಗ್ಗಬೇಡ. ಬಗ್ಗಿದ್ರೆ ನಿಂಗೂ ಮೆಟ್ಟಿಲ ಮೇಲೆ ಊಟ. ನಂಗಾಗಿದ್ದು ನಿಂಗೆ ಆಗಬಾರದು. ಇನ್ನೊಂದು ಹಳದಿ ಸ್ಟ್ರಿಪ್ ಇದರ ಜೊತೇಲೇ ಇಟ್ಟಿದೀನಿ, ಆರು ಗಂಟೆಗೊಂದು ತಪ್ಪದೆ ತಗೋ.

ದಿನೇಶ

ಪೆಂದುರ್ತಿ
16-11-2009

ದಿನೇಶಾ,

ನಿನ್ನೆ ಆಯ್ತು. ನಿನ್ನ ಕಾಗದ ಓದಿ ಹೇಳಿದ ಮೇಲೆ ಯಾರೂ ಎದುರು ಮಾತಾಡಲಿಲ್ಲ. ಇವರು, "ನಿನ್ನ ತಮ್ಮ ಡಾಕ್ಟರ್ ಆಗಬೇಕಿತ್ತು" ಅಂದ್ರು.

ಹಸಿರು ಸೀರೆ, ಎರಡೂ ಕೈ ತುಂಬ ನಿನ್ನ ಬಳೆ. ಕೂತಿದ್ದೆ ಅಷ್ಟೇ. ಹಾಡು ದೂರದಿಂದ ಕೇಳಿದ ಹಾಗಿತ್ತು. ಮಗು ತುಂಬಾ ಒದೆಯೋದು, ನಿನ್ನೆ ಸುಮ್ಮನೆ ಮಲಗಿತ್ತು. ಅದಕ್ಕೂ ಸುಸ್ತಾಗಿರಬೇಕು.

ಉಸಿರು ಸ್ವಲ್ಪ ಸಿಕ್ಕಿದ ಹಾಗಿದೆ. ಮೆಟ್ಟಿಲು ಹತ್ತೋಕಾಗಲ್ಲ. ಹೊಟ್ಟೆ ಮೇಲಕ್ಕೆ ಬಂದಿದೆ, ಹಾಗೇ ಆಗುತ್ತೆ ಅಂತಾರೆ ಅತ್ತಯ್ಯ. ಬೆಳಗಿನ ಜಾವ ಮಾತ್ರೆ ತಗೊಳ್ಳೋ ಮುಂಚೆ ಚಳಿ ಆಗುತ್ತೆ, ತಗೊಂಡ ಮೇಲೆ ಸರಿ ಹೋಗುತ್ತೆ. ಮಾತ್ರೆ ಮುಗೀತಾ ಬಂತು. ಇನ್ನೂ ಕಳಿಸು.

ಜಾಸ್ತಿ ಬರೆಯೋಕೆ ಆಗ್ತಿಲ್ಲ. ಮಲಗ್ತೀನಿ.

ಬಿಂದು

ವಿಜಯವಾಡ
6-12-2009

ಅಕ್ಕಾ,

ನೀನು ಮನೆಗೆ ಬಂದೆ ಅಂತ ಭಾವನ ಅಣ್ಣ ಫೋನ್ ಮಾಡಿ ಹೇಳಿದ್ರು. ಭಾವ ನನ್ನ ಜೊತೆ ಮಾತಾಡಲ್ಲ. ಬೇಡ. ನಂಗೂ ಬೇಕಾಗಿಲ್ಲ.

ನಿಂಗೆ ಗೊತ್ತೋ ಇಲ್ವೋ, ನಾನು ಬಂದಿದ್ದೆ. ಹದಿನೆಂಟನೇ ತಾರೀಕು ಅಂಗಡಿಗೆ ಫೋನ್ ಬಂತು. ರಜೆ ಕೇಳಲಿಲ್ಲ, ಏಪ್ರನ್ ಕೌಂಟರ್ ಮೇಲೆ ಬಿಸಾಕಿ ಟ್ರೈನ್ ಹತ್ತಿದೆ. ಸ್ವೈನ್ ಫ್ಲೂ ವಾರ್ಡು, ನಿನ್ನ ನೋಡಿದ್ದು ಗಾಜಿನ ಆಚೆಯಿಂದ. ಬಾಯಿಗೆ ಪೈಪು. ಒಂದು ಮಿಷನ್ನು ನಿನ್ನ ಎದೆ ಏರಿಸಿ ಇಳಿಸ್ತಿತ್ತು. ಆ ಗಾಜು ಒಡೆದು ಹಾಕಬೇಕು ಅನ್ನಿಸ್ತು.

ಮಗೂನ ಇಪ್ಪತ್ತನೇ ತಾರೀಕು ತೆಗೆದ್ರು. ಹೆಣ್ಣು. ನಂಗೆ ತೋರಿಸಲಿಲ್ಲ. ಬಟ್ಟೆ ಸುತ್ತಿ ಭಾವನ ಕೈಗೆ ಕೊಟ್ರು, ಅವನು ನನ್ನ ಮುಂದೇನೇ ಎತ್ಕೊಂಡು ಹೋದ. ನಾನು ಹಿಂದೆ ಹೋದ್ರೆ "ನುವ್ವು ರಾವದ್ದು" ಅಂದ, ನೀನು ಬರಬೇಡ ಅಂತ. ನಾನು ಅವನ ಕಾಲರ್ ಹಿಡ್ಕೊಂಡೆ. ಹೌದು, ಹಿಡ್ಕೊಂಡೆ. ಉಸಿರಾಡೋಕಾಗ್ದೆ ನೀಲಿಗಟ್ಟೋ ತನಕ ಹೆಂಡ್ತೀನ ಮನೇಲಿ ಇಟ್ಕೊಂಡ ಗಂಡ ಅವನು. ವಾಚ್‌ಮನ್ ಬಂದು ನನ್ನ ಆಚೆ ತಳ್ಳಿದ.

ಅವನಿಗೆ ಕಣ್ಣಿರಲಿಲ್ವಾ? ನಿಮ್ಮತ್ತೆಗೆ ಬುದ್ಧಿ ಇರಲಿಲ್ವಾ? ಸೀಮಂತಕ್ಕೆ ಬಂದ ಅಷ್ಟು ಹೆಂಗಸರಲ್ಲಿ ಒಬ್ಬಳಿಗೂ ನಿನ್ನ ಮುಖ ಕಾಣಲಿಲ್ವಾ? ಅರಿಶಿನ ಹಚ್ಚುವಾಗ ಕೆನ್ನೆ ಮುಟ್ಟಿರ್ತಾರೆ ತಾನೇ? ಎಲ್ಲರೂ ಸೇರಿ ಕೊಂದ್ರು. ಕಂಪನಿ ಕೆಲಸ ಹೋಗ್ತೈತೆ ಅಂತ ಹೆದರಿ ಕೊಂದ್ರು.

ನೀನು ಚೇತರಿಸ್ಕೋ. ಒಂದು ಸಾಲು ಬರಿ.

ದಿನೇಶ

ವಿಜಯವಾಡ
13-12-2009

ಅಕ್ಕಾ,

ನಿನ್ನ ಕಾಗದ ಬರಲಿಲ್ಲ. ಇಲ್ಲಿ ಬಂದ್ ಶುರುವಾಗೈತೆ, ರಾಜ್ಯ ಒಡೀಬಾರದು ಅಂತ. ಬಸ್ಸಿಲ್ಲ, ಬೆಂಜ್ ಸರ್ಕಲ್ ತುಂಬ ಟೈರ್ ಸುಟ್ಟ ಹೊಗೆ. ಅಂಚೆನೂ ನಿಂತಿರಬೇಕು. ಇಲ್ಲ ಅಂದ್ರೆ ನೀನು ಬರೀತಿದ್ದೆ.

ಆ ಮರ ಕಡಿಸು. ಭಾವ ಕಡಿಸಲ್ಲ ಅಂದ್ರೆ ನಾನೇ ಕೊಡಲಿ ತಗೊಂಡು ಬರ್ತೀನಿ. ಆ ಹೂವಿಂದಾನೇ ಎಲ್ಲ. ಅದು ಇಲ್ದೇ ಇದ್ದಿದ್ರೆ ನೀನು ಸೀನ್ತಿರ್ಲಿಲ್ಲ, ನೀನು ಸೀನ್ದೇ ಇದ್ದಿದ್ರೆ ಆಮೇಲೆ ಬಂದ ಕೆಮ್ಮನ್ನ ಅದೇ ಸೀನಿನ ಲೆಕ್ಕಕ್ಕೆ ಯಾರೂ ಸೇರಿಸ್ತಿರ್ಲಿಲ್ಲ.

ನಿಮ್ಮ ಪೆಂದುರ್ತಿ ಡಾಕ್ಟರ್‌ಗಳೇನು ಮಲಗಿದ್ರಾ? ಊರಿಗೆಲ್ಲ ಫ್ಲೂ ಬಂದಿರುವಾಗ ಬಸುರಿ ಹೆಂಗಸರ ಮನೆ ಮನೆಗೂ ಹೋಗಿ ನೋಡಬೇಕು ತಾನೇ? ಸರ್ಕಾರಕ್ಕೆ ಟೀವೀಲಿ ಹೆದರಿಸೋಕೆ ಬರ್ತೈತೆ, ಬಾಗಿಲು ಬಡಿಯೋಕೆ ಬರಲ್ಲ. ಎಲ್ಲರ ಮೇಲೂ ಕೇಸ್ ಹಾಕಬೇಕು.

ನಂಗೆ ಸೀನು ಹಾಗೇ ಐತೆ. ಕೋಟೇಶ್ವರಮ್ಮ ಮೊನ್ನೆ ಒಳಗೆ ಬಂದು ಕೂತ್ಕೋ ಅಂದ್ಲು. ಎರಡು ತಿಂಗಳಾದ್ರೂ ನಾನು ಸಾಯಲಿಲ್ಲ, ಯಾರಿಗೂ ಅಂಟಿಸಲಿಲ್ಲ ಅಂತ ಅವಳಿಗೆ ಗೊತ್ತಾಯ್ತಂತೆ. ನಾನೇ ಹೋಗಲಿಲ್ಲ. ಮೆಟ್ಟಿಲೇ ಸರಿ.

ಅಂಗಡೀಲಿ ಈಗ ಮಾತ್ರೆ ಕೊಡೋ ಕಡೆ ನಿಲ್ತಿಲ್ಲ. ಗೋಡೌನಲ್ಲಿ ಡಬ್ಬ ಜೋಡಿಸೋ ಕೆಲಸ ಕೇಳಿ ತಗೊಂಡೆ. ಯಾಕೆ ಅಂತ ಓನರ್ ಕೇಳ್ದ. ಧೂಳಂದ್ರೆ ಇಷ್ಟ ಅಂದೆ.

ಒಂದು ಸಾಲು ಬರಿ ಅಕ್ಕ. ಬೈದಾದ್ರೂ ಬರಿ.

ದಿನೇಶ

ವಿಜಯವಾಡ
21-12-2009

ಅಕ್ಕಾ,

ಎರಡು ಕಾಗದ ಬರೆದೆ. ಎರಡರಲ್ಲೂ ಕೂಗಾಡಿದೆ. ಹೇಳಬೇಕಾಗಿದ್ದು ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ.

ನವೆಂಬರ್ 27ನೇ ತಾರೀಕು, ಆಸ್ಪತ್ರೆಯಿಂದ ವಾಪಸ್ ಬಂದ ಮಾರನೇ ದಿನ. ಸೀಜನ್ ಅಂತ ಓನರ್ ಬೈದು ವಾಪಸ್ ಸೇರಿಸ್ಕೊಂಡಿದ್ದ, ಕೌಂಟರಲ್ಲಿದ್ದೆ. ಕಂಕುಳಲ್ಲಿ ಮಗು ಎತ್ಕೊಂಡು ಒಬ್ಬ ಹೆಂಗಸು ಬಂದ್ಲು. ಅವಳಿಗೇ ನೆಗಡಿ. ಹಳದಿ ಸ್ಟ್ರಿಪ್ ಕಿತ್ತು ಕೊಟ್ಟೆ. ಅವಳು ಅದನ್ನ ಹಿಂದೆ ತಿರುಗಿಸಿ ನೋಡಿ, "ಇದರಲ್ಲೂ ಪ್ಯಾರಾಸಿಟಮಾಲ್ ಇದೆ ಅಲ್ವಾ? ಬೆಳಿಗ್ಗೆ ಜ್ವರಕ್ಕೆ ಅಂತ ಆಗ್ಲೇ ಒಂದು ನುಂಗಿದೀನಿ" ಅಂದ್ಲು. ಇಲ್ಲಮ್ಮ, ಇದು ನೆಗಡಿದು, ಜ್ವರದ್ದು ಬಿಳಿ ಸ್ಟ್ರಿಪ್ ಅಂದೆ. ಅವಳು ಬೆರಳಿಟ್ಟು ತೋರಿಸಿದ್ಲು.

ಅವಳು ಹೋದ್ಮೇಲೆ ನಾನು ಕೂತ್ಕೊಂಡು ಒಂದೊಂದೇ ಅಕ್ಷರ ಓದಿದೆ. ಇಂಗ್ಲಿಷು, ಇರುವೆ ಸಾಲಿನ ಥರ ಸಣ್ಣಕೆ. ಮೊದಲನೇ ಸಾಲೇ ಅದು. ಐನೂರು ಅಂತ ಬರ್ದೈತೆ. ಬಿಳಿ ಸ್ಟ್ರಿಪ್ ತಂದು ಪಕ್ಕದಲ್ಲಿಟ್ಟೆ. ಅದೇ ಅಕ್ಷರ, ಅದೇ ಐನೂರು. ಮೂರು ವರ್ಷ ದಿನಾ ಎರಡನ್ನೂ ಕೈಯಲ್ಲಿ ಹಿಡಿದಿದೀನಿ. ಒಂದು ಸಲಾನೂ ಹಿಂದೆ ತಿರುಗಿಸಿಲ್ಲ. ಬಣ್ಣ ನೋಡ್ತಿದ್ದೆ.

ನಿಂಗೆ ಜ್ವರ ಇತ್ತು ಅಕ್ಕ. ನಾನು ಕಳಿಸಿದ ಮಾತ್ರೆ ಅದನ್ನ ಆರು ಗಂಟೆಗೊಂದು ಸಲ ಇಳಿಸ್ತಿತ್ತು. ಇಳಿದ ಮೇಲೆ ನಾನು ಕಳಿಸಿದ ಥರ್ಮಾಮೀಟರ್ ಇಟ್ಟು ನೀನು ನೋಡಿದೆ. ಜ್ವರ ಇಲ್ಲ ಅಂತು. ಅದನ್ನ ಹಿಡ್ಕೊಂಡು ನಾನು ಕಾಗದ ಬರೆದೆ. ಆಸ್ಪತ್ರೆಗೆ ಕರ್ಕೊಂಡು ಹೋಗಬೇಡಿ ಅಂತ ಬರೆದೆ. ಮಾತ್ರೆ, ಥರ್ಮಾಮೀಟರ್ ಎರಡನ್ನೂ ಒಂದೇ ಪಾರ್ಸೆಲ್‌ನಲ್ಲಿ ಇಟ್ಟವನು ನಾನು.

ಮಿಕ್ಕಿದ್ದೆಲ್ಲ ನಿನ್ನ ಕಾಗದದಲ್ಲೇ ಇತ್ತು. ಈಗ ದಿನಾ ತೆಗೆದು ಓದ್ತೀನಿ. ಕಣ್ಣು ತುರಿಸ್ತಿಲ್ಲ ಅಂತ ಬರ್ದಿದೀಯ. ಭಾವಂಗೂ ಕೆಮ್ಮು ಅಂತ ಬರ್ದಿದೀಯ. ಮೈಯೆಲ್ಲ ನೋವು ಅಂತ. ಅಲರ್ಜಿ ಅಂಟಲ್ಲ ಅಂತ ಅದಕ್ಕೆ ಹದಿನೈದು ದಿನ ಮುಂಚೆ ನಾನೇ ಬರೆದಿದ್ದೆ. ನಾನು ಬರೆದಿದ್ದು ನಂಗೇ ನೆನಪಾಗಲಿಲ್ಲ. ನಿನ್ನ ಕಾಗದ ಓದುವಾಗ ನಂಗೆ ಕಾಣ್ತಿದ್ದದ್ದು ನೀನಲ್ಲ, ಮೆಟ್ಟಿಲ ಮೇಲೆ ಕೂತಿರೋ ನಾನು.

ಆಸ್ಪತ್ರೇಲಿ ಕಾಲರ್ ಹಿಡ್ಕೊಂಡಾಗ ಭಾವ ನಂಗೆ ಹೊಡೀಲಿಲ್ಲ. ಮಗು ಎತ್ಕೊಂಡಿದ್ದ ಹಾಗೇ ಇನ್ನೊಂದು ಕೈಯಲ್ಲಿ ಜೇಬಿಂದ ನನ್ನ ಕಾಗದ ತೆಗೆದ. ಅವನಿಗೆ ಕನ್ನಡ ಒಂದಕ್ಷರ ಓದೋಕೆ ಬರಲ್ಲ, ಆದ್ರೂ ಅದನ್ನ ಇಟ್ಕೊಂಡಿದ್ದ. "ನುವ್ವೇ ಕದಾ ರಾಸಾವು" ಅಂದ. ನೀನೇ ತಾನೇ ಬರೆದಿದ್ದು ಅಂತ. ಇದನ್ನೂ ನಿಂಗೆ ಬರೀದೆ ಬಿಟ್ಟೆ. ಅವತ್ತು ಮಾತ್ರೆ ವಿಷಯ ನಂಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಎರಡು ಕಾಗದದ ತುಂಬ ಅವನನ್ನೇ ಬೈದೆ.

ಎಲ್ಲರ ಹೆಸರೂ ಹೇಳಿ ಮುಗೀತು. ಇನ್ನು ಉಳಿದಿರೋ ಹೆಸರು ನಂದೊಂದೇ.

ದಿನೇಶ

ಪೆಂದುರ್ತಿ
30-12-2009

ದಿನೇಶಾ,

ಮೂರೂ ಕಾಗದ ಬಂದ್ವು. ಬಂದ್ ಇದ್ರೂ ಬಂದ್ವು.

ಮಾತ್ರೆ ವಿಷಯ ನಂಗೆ ಮೊದಲೇ ಗೊತ್ತಿತ್ತು. ಪೈಪ್ ತೆಗೆದ ಮೂರನೇ ದಿನ ಆಸ್ಪತ್ರೆಯ ಡಾಕ್ಟರಮ್ಮ ಬಂದು ಕೂತ್ಕೊಂಡು, ಏನೇನು ಮಾತ್ರೆ ತಗೊಂಡಿದ್ದೆ ತೋರಿಸು ಅಂದ್ರು. ನನ್ನ ಚೀಲದಲ್ಲಿ ಹಳದಿ ಸ್ಟ್ರಿಪ್ ಇತ್ತು. ತಿರುಗಿಸಿ ಓದಿದ್ರು. ಬೈಯಲಿಲ್ಲ. "ಯಾರಮ್ಮ ಕೊಟ್ಟಿದ್ದು?" ಅಂತ ಮೆಲ್ಲಗೆ ಕೇಳಿದ್ರು. ಇಲ್ಲೇ ಒಂದು ಅಂಗಡೀಲಿ ನಾನೇ ಕೇಳಿ ತಗೊಂಡೆ, ಅಂಗಡಿ ನೆನಪಿಲ್ಲ ಅಂದೆ. ಇವರಿಗೂ ಹಾಗೇ ಹೇಳಿದೀನಿ. ಪಾರ್ಸೆಲ್‌ನಲ್ಲಿ ಬಂದ ಮಾತ್ರೆ ಒಂದು ವಾರಕ್ಕೇ ಮುಗಿದಿತ್ತು ಅಂತ ಅಂದ್ಕೊಂಡಿದ್ದಾರೆ. ನಿನ್ನ ಕಾಗದ ಒಂದಕ್ಕೇ ಇವರಿಗೆ ಇಷ್ಟು ಕೋಪ. ಇದೂ ಗೊತ್ತಾದ್ರೆ ಏನು ಮಾಡ್ತಾರೋ.

ನೀನು ಹೇಳ್ತೀಯ ಅಂತ ಕಾಯ್ತಿದ್ದೆ. ಮೊದಲನೇ ಕಾಗದ ಬಂತು, ಇವರನ್ನ ಬೈದಿದ್ದೆ. ಎರಡನೇದು ಬಂತು, ಮರಾನ ಬೈದಿದ್ದೆ. ಮೂರನೇದನ್ನ ಎರಡು ದಿನ ಒಡೆಯದೆ ಇಟ್ಟಿದ್ದೆ.

ಈಗ ನಂದು.

ನವೆಂಬರ್ 9ನೇ ತಾರೀಕು ಬೆಳಿಗ್ಗೆ ಥರ್ಮಾಮೀಟರ್ ಇಟ್ಟೆ. ನೂರಾ ಒಂದು ಪಾಯಿಂಟ್ ಎಂಟು. ಬಚ್ಚಲಲ್ಲಿ ನಿಂತು ನೋಡಿದ್ದು, ಯಾರಿಗೂ ಗೊತ್ತಿಲ್ಲ. ಪಾದರಸ ಇಳಿಯೋ ತನಕ ಒದರಿದೆ, ನೀನು ಹೇಳಿಕೊಟ್ಟ ಹಾಗೇ. ಹಳದಿ ಮಾತ್ರೆ ನುಂಗಿದೆ. ಒಂದು ಗಂಟೆ ಬಿಟ್ಟು ಮತ್ತೆ ಇಟ್ಟೆ. ತೊಂಬತ್ತೆಂಟು ಪಾಯಿಂಟ್ ಆರು. ನೆಗಡಿ ಮಾತ್ರೆಗೇ ಇಳಿದು ಹೋಯ್ತಲ್ಲ, ಹಾಗಾದ್ರೆ ಇದು ನಿಜವಾದ ಜ್ವರ ಅಲ್ಲ ಅಂತ ಅಂದ್ಕೊಂಡೆ. ಅಂದ್ಕೊಳ್ಳಬೇಕಾಗಿತ್ತು, ಅಂದ್ಕೊಂಡೆ. ನಿಂಗೆ ಬರೆದಿದ್ದು ಎರಡನೇ ಸಲದ್ದು. ದಿನಾ ಎರಡನೇ ಸಲದ್ದೇ ಅತ್ತಯ್ಯಂಗೆ ತೋರಿಸಿದೆ. ನಂಗೆ ಬಳೆ ತೊಡಬೇಕಾಗಿತ್ತು.

ಇದನ್ನ ಓದಿ ನಿಂಗೆ ಹಗುರ ಆಗಬಾರದು ದಿನೇಶಾ. ನಿನ್ನದು ಓದಿ ನಂಗೂ ಆಗಲಿಲ್ಲ.

ಬಳೆ ಒಂದೂ ಉಳಿದಿಲ್ಲ. ಡ್ರಿಪ್ ಹಾಕೋಕೆ ಜಾಗ ಬೇಕು ಅಂತ ನರ್ಸ್ ಎರಡೂ ಕೈದು ಒಡೆದು ತೆಗೆದ್ರಂತೆ. ಮಗೂನ ನಂಗೂ ತೋರಿಸಲಿಲ್ಲ. ಕೂದಲು ತುಂಬಾ ಇತ್ತು ಅಂತ ಇವರು ಒಂದೇ ಒಂದು ಸಲ ಹೇಳಿದ್ರು, ಆಮೇಲೆ ಆ ಮಾತು ಎತ್ತಿಲ್ಲ.

ಸ್ಟ್ರಿಪ್‌ನಲ್ಲಿ ಎರಡು ಮಾತ್ರೆ ಮಿಕ್ಕಿತ್ತು. ಇದರ ಜೊತೆ ಇಟ್ಟಿದೀನಿ. ಗೋಡೌನಲ್ಲಿ ಬಚ್ಚಿಟ್ಕೊಂಡು ಕೂರಬೇಡ. ಕೌಂಟರಿಗೆ ಹೋಗು, ಯಾರಿಗೇ ಕೊಡೋ ಮುಂಚೆ ಹಿಂದೆ ತಿರುಗಿಸಿ ಓದು. ಒಂದೊಂದೇ ಅಕ್ಷರ ಆದ್ರೂ ಸರಿ, ಓದು.

ಇಲ್ಲಿಗೆ ಬರಬೇಡ. ಕಾಗದಾನೂ ಬೇಡ. ನಿನ್ನ ಅಕ್ಷರ ಕಂಡ್ರೆ ಇವರು ಎದ್ದು ಆಚೆ ಹೋಗ್ತಾರೆ. ನಂಗೂ ಓದೋಕೆ ಆಗ್ತಿಲ್ಲ. ಬರೆಯೋ ಹಾಗಾದ್ರೆ ನಾನೇ ಬರೀತೀನಿ. ಯಾವಾಗ ಅಂತ ಕೇಳಬೇಡ.

ಮರದ ಹೂವೆಲ್ಲ ಉದುರಿ ಹೋಯ್ತು. ಸೀನು ನಿಂತಿದೆ. ಇವತ್ತು ಬೆಳಿಗ್ಗೆ ಎದ್ದು, ಯಾವ ಮಾತ್ರೇನೂ ನುಂಗದೆ, ಥರ್ಮಾಮೀಟರ್ ಇಟ್ಟು ನೋಡಿದೆ. ತೊಂಬತ್ತೆಂಟು ಪಾಯಿಂಟ್ ನಾಲ್ಕು. ಅತ್ತಯ್ಯಂಗೆ ತೋರಿಸೋಣ ಅಂತ ಹೋದೆ. ಅವರು ನೋಡಲಿಲ್ಲ. ಒದರಿ ಡಬ್ಬಿಗೆ ಹಾಕಿದೆ.

ಬಿಂದು